ಮನೆಯಲ್ಲಿ ಅಮ್ಮ ಎದ್ದಿದೆ

ಅಮ್ಮನ ಬೆನ್ನ ಹಿಂದೆ ನಿಂತು ಚಂಪಾ ಕಣ್ಣಲ್ಲೇ ಗದರಿದಳು: ಹಣೆ ಒರೆಸಿಕೋ. ಸಿದ್ದರಾಜು ಪಂಚೆಯ ತುದಿಯಿಂದ ಒರೆಸಿಕೊಂಡ. ಕುಂಕುಮ ಅಳಿಸಿತು, ಬೆವರು ಉಳಿಯಿತು.

"ಮೆಟ್ಟಿಲು ಹತ್ತಿ ಸುಸ್ತಾಯ್ತೇನಪ್ಪ ಯೋಗಾನಂದ?" ಎಂದರು ದೇವಾಜಮ್ಮ.

ಯಾರನ್ನೋ ಕರೆದರೆಂದು ಅವನು ಹಿಂದಕ್ಕೆ ತಿರುಗಿ ನೋಡಿದ. ಚಂಪಾ ಕೆಮ್ಮಿದಳು.

"ಹ್ಞಾಂ, ನಾನೇ! ಇಲ್ಲಮ್ಮ, ಸುಸ್ತೇನಿಲ್ಲ."

ನಾಗಮಂಗಲದ ಯೋಗಾನಂದ ಎಂಬ ವರ ಇವತ್ತು ಬೆಟ್ಟದ ನರಸಿಂಹಸ್ವಾಮಿ ಗುಡಿಯಲ್ಲಿ ಚಂಪಾಳನ್ನು ನೋಡಬೇಕಿತ್ತು. ಮನೆಗೆ ಕರೆದು ಉಪ್ಪಿಟ್ಟು ಕೊಟ್ಟು, ಒಪ್ಪಿಗೆಯಾಗದೆ ಊರವರ ಬಾಯಿಗೆ ಬೀಳುವುದು ದೇವಾಜಮ್ಮನಿಗೆ ಇಷ್ಟವಿಲ್ಲ. ಗುಡಿಯಲ್ಲಾದರೆ ದೇವರನ್ನು ನೋಡಲು ಹೋಗಿದ್ದೆವು ಎನ್ನಬಹುದು. ಸೊಸೈಟಿ ಬ್ಯಾಂಕಿನಲ್ಲಿ ಕೆಲಸವಂತೆ ಎಂದಷ್ಟೇ ಮಗಳಿಗೆ ಹೇಳಿದ್ದರು. "ಫೋಟೊಗೀಟೊ ನನ್ನ ಹತ್ರಾನೂ ಇಲ್ಲ. ಗುಡೀಲೇ ನೋಡಿದ್ರಾಯ್ತು."

ಅಷ್ಟು ಸಾಕಾಯಿತು ಚಂಪಾಳಿಗೆ. ಅಮ್ಮ ಹಾಲು ಕರೆಯಲು ಹೋದಾಗ ಅವರ ಮೊಬೈಲಿನಲ್ಲಿ 'ನಾಗಮಂಗಲ' ಎಂದಿದ್ದ ನಂಬರಿಗೆ ಕದ್ದು ಫೋನ್ ಮಾಡಿದಳು. ಎತ್ತಿದ್ದು ಹುಡುಗನ ತಾಯಿ.

"ಹುಡುಗಿ ಮನೆಯಿಂದ ಮಾತಾಡ್ತಿರೋದು. ನಮ್ಮನೇಲಿ ಅಮ್ಮ ಎದ್ದಿದೆ. ಬರಬೇಡಿ."

ಮೈತುಂಬ ಗುಳ್ಳೆ, ಬಾಗಿಲಿಗೆ ಬೇವಿನ ಸೊಪ್ಪು ಎಂದ ಮೇಲೆ ಹೆಣ್ಣು ನೋಡಲು ಯಾರು ಬರುತ್ತಾರೆ? ಆ ಹೆಂಗಸು ಬೇಸರ ಮಾಡಿಕೊಳ್ಳಲೂ ಇಲ್ಲ. ನಕ್ಕಳು. "ಅಮ್ಮ ಎದ್ದಿದೆಯಾ? ಸರಿ ಬಿಡವ್ವ, ತಣ್ಣಗಿರಿ."

ಖಾಲಿಯಾದ ಜಾಗದಲ್ಲಿ ಚಂಪಾ ತಂದು ನಿಲ್ಲಿಸಿದ್ದು ಪಕ್ಕದೂರಿನ ಬ್ಯಾಂಡ್ ಸೆಟ್ಟಿನ ಸಿದ್ದರಾಜುವನ್ನು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅವನು ಟ್ರಂಪೆಟ್ ಊದುತ್ತಿದ್ದ. ಚಂಪಾ ಅವನನ್ನು ನೋಡುತ್ತಿದ್ದಳು, ದೇವಾಜಮ್ಮ ಚಂಪಾಳನ್ನು ನೋಡುತ್ತಿದ್ದರು. "ಊದೋನಿಗೆಲ್ಲ ಮಗಳನ್ನ ಕೊಡಲ್ಲ" ಎಂದು ಆವತ್ತೇ ಕಡ್ಡಿ ಮುರಿದಂತೆ ಹೇಳಿದ್ದರು. ಆದರೆ ಅವರು ಕಂಡದ್ದು ಕೆಂಪು ಕೋಟು, ಜರಿ ಟೋಪಿ, ಉಬ್ಬಿದ ಕೆನ್ನೆ. ಬಿಳಿ ಅಂಗಿ ತೊಟ್ಟು, ಕೆನ್ನೆ ಇಳಿಸಿಕೊಂಡು ಬಂದರೆ ಗುರುತು ಹತ್ತುವುದುಂಟೆ? ಒಮ್ಮೆ ಹುಡುಗ ಹಿಡಿಸಿಬಿಟ್ಟರೆ ನಿಜವನ್ನು ನಿಧಾನವಾಗಿ ಹೇಳಿದರಾಯಿತು. ಈಗಲೇ ಸಿಕ್ಕಿಬಿದ್ದರೆ ಮಾತ್ರ ಅವನ ಹೆಸರನ್ನು ಆ ಮನೆಯಲ್ಲಿ ಮತ್ತೆ ಎತ್ತುವ ಹಾಗಿಲ್ಲ.

"ಒಬ್ಬನೇ ಬಂದೆಯಾ? ನಿಮ್ಮ ತಾಯಿ ಬರಲಿಲ್ವಾ?"

"ಅವರಿಗೆ ಮಂಡಿನೋವಮ್ಮ."

"ಹೌದು ಪಾಪ, ಈ ಮೆಟ್ಟಿಲು ಹತ್ತಕ್ಕೆ ಅವರ ಕೈಲಾಗಲ್ಲ" ಎಂದರು ದೇವಾಜಮ್ಮ.

ಮಂಗಳಾರತಿಯ ಹೊತ್ತಿಗೆ ಅರ್ಚಕರು ಅತ್ತಿತ್ತ ನೋಡಿದರು. ಶಂಖ ಊದುವವನು ಬಂದಿರಲಿಲ್ಲ.

"ಇವನು ಊದ್ತಾನೆ, ಕೊಡಿ ಸ್ವಾಮಿ. ಎದೆ ಅಗಲ ಇದೆ" ಎಂದರು ದೇವಾಜಮ್ಮ.

ಬೇಡವೆಂದು ಚಂಪಾ ತಲೆಯಾಡಿಸಿದಳು. ಆದರೆ ಊದುವ ವಸ್ತು ಕೈಗೆ ಬಂದ ಮೇಲೆ ಸಿದ್ದರಾಜು ತಡೆದುಕೊಳ್ಳುವ ಆಸಾಮಿಯೇ? ಗುಡಿಯೆಲ್ಲ ಮೊಳಗಿತು. ಹೊರಗೆ ಕಾಯಿಚೂರಿಗೆ ಕಾದಿದ್ದ ಕೋತಿಗಳು ಮರ ಹತ್ತಿದವು. ಅವನ ಕೆನ್ನೆಗಳು ಮದುವೆಮನೆಯಲ್ಲಿ ಉಬ್ಬಿದ ಹಾಗೆಯೇ ಉಬ್ಬಿದ್ದವು. ಚಂಪಾ ಕಣ್ಣು ಮುಚ್ಚಿಕೊಂಡಳು. ನೋಡಿದವರು ಭಕ್ತಿ ಎಂದುಕೊಂಡರು.

"ಪರವಾಗಿಲ್ವೇ, ಬ್ಯಾಂಕಿನವನಿಗೆ ಎಂಥಾ ಉಸಿರು!" ಎಂದು ದೇವಾಜಮ್ಮ ಮೆಚ್ಚಿದರು. ಚಂಪಾಳಿಗೆ ಹೋದ ಜೀವ ಬಂದಂತಾಯಿತು.

ಅರ್ಚಕರು ತುಳಸಿ ಹಿಡಿದು ಸಂಕಲ್ಪಕ್ಕೆ ನಿಂತರು. "ಹುಡುಗನ ಹೆಸರು, ನಕ್ಷತ್ರ?"

ಚಂಪಾ ಆ ಹೆಸರನ್ನೂ ತನಗೆ ತೋಚಿದ ಒಂದು ನಕ್ಷತ್ರವನ್ನೂ ಅಮ್ಮನಿಗೆ ಕೇಳದಂತೆ ಫೋನಿನಲ್ಲಿ ಅವನಿಗೆ ಬಾಯಿಪಾಠ ಮಾಡಿಸಿದ್ದಳು. ಸಿದ್ದರಾಜು ಬಾಯಿ ತೆರೆದ. ಎದುರಿಗೆ ನರಸಿಂಹಸ್ವಾಮಿ ಬೆಳ್ಳಿ ಕಣ್ಣು ಬಿಟ್ಟುಕೊಂಡು ಕೂತಿದ್ದ.

"ಯೋ..." ಎಂದು ನಿಲ್ಲಿಸಿದ. "ಸಿದ್ದರಾಜು ಸ್ವಾಮಿ. ಬ್ಯಾಂಡ್ ಸೆಟ್ಟಿನ ಸಿದ್ದರಾಜು. ಅಮ್ಮ, ನೀವು ಬೈದ್ರೂ ಸರಿ, ಹೊಡೆದ್ರೂ ಸರಿ. ಇಲ್ಲಿ ನಿಂತ್ಕೊಂಡು ಸುಳ್ಳು ಹೇಳಿ ನಿಮ್ಮ ಮಗಳನ್ನ ಕಟ್ಕೊಂಡ್ರೆ ಬಾಳಾಟ ಆಗಲ್ಲ."

ಚಂಪಾ ಕಂಬ ಹಿಡಿದುಕೊಂಡಳು. ಎಲ್ಲ ಮುಗಿದಿತ್ತು. ಅವನ ಮೇಲೆ ಸಿಟ್ಟೂ ಬಂತು, ಹಿಂದೆಂದೂ ಇಲ್ಲದಷ್ಟು ಪ್ರೀತಿಯೂ ಬಂತು.

ಅರ್ಚಕರಿಗೆ ಅದೆಲ್ಲ ಬೇಕಿರಲಿಲ್ಲ. "ನಕ್ಷತ್ರ ಯಾವುದಪ್ಪ?"

"ಗೊತ್ತಿಲ್ಲ ಸ್ವಾಮಿ. ನಮ್ಮವ್ವನ್ನ ಕೇಳಬೇಕು."

"ಉತ್ತರಾಷಾಢ" ಎಂದರು ದೇವಾಜಮ್ಮ, ತಟ್ಟೆಯಲ್ಲಿದ್ದ ಬಾಳೆಹಣ್ಣು ಸರಿಮಾಡುತ್ತ. "ಇಬ್ಬರ ಹೆಸರೂ ಸೇರಿಸಿ ಮಾಡಿ ಸ್ವಾಮಿ, ಜಾತಕ ಕೂಡಿದೆ. ಹುಡುಗ ನಿಜ ಹೇಳ್ತಾನೋ ಇಲ್ವೋ ಅನ್ನೋದೊಂದು ನೋಡಬೇಕಿತ್ತು."

ಆಮೇಲೆ ಬಾಯಿ ಬಿಟ್ಟುಕೊಂಡು ನಿಂತ ಮಗಳ ಕಡೆ ತಿರುಗಿದರು.

"ನಾಗಮಂಗಲದ ವರ ಅನ್ನೋನು ಯಾರೂ ಇಲ್ಲ. ಅಮ್ಮ ಎದ್ದಿದೆ ಅಂತ ನೀನು ಫೋನ್ ಮಾಡಿದ್ದು ಇವನ ಅವ್ವನಿಗೇ ಕಣೇ. ಸುಳ್ಳೇನಲ್ಲ ಬಿಡು, ನಿಮ್ಮಮ್ಮ ಎದ್ದು ಬಹಳ ದಿನ ಆಯ್ತು."