ರೆಡ್ ಆಕ್ಸೈಡ್ ಬೊಟ್ಟು

ಕಿಟಕಿಯ ಕಂಬಿಗೆ ಬಳಿಯಲೆಂದು ಇವತ್ತು ರೆಡ್ ಆಕ್ಸೈಡ್ ಡಬ್ಬಿ ತೆರೆದೆ. ಆ ವಾಸನೆಗೆ ಹನುಮಂತನಗರದ ನಮ್ಮ ಮನೆ ಮುಂದಿನ ಒಂದು ಮಧ್ಯಾಹ್ನ ನೆನಪಾಯಿತು.

ಅಪ್ಪ ತೀರಿಕೊಂಡ ವರ್ಷ ಅದು. ಅವರ ಹಳೇ ಪಿಕಪ್ ಗಾಡಿಯನ್ನು ಚಿಕ್ಕಪ್ಪ ಯಾರನ್ನೂ ಕೇಳದೆ ತಮ್ಮದು ಮಾಡಿಕೊಂಡಿದ್ದರು. ತುಕ್ಕು ಹಿಡಿದ ತಗಡನ್ನೆಲ್ಲ ಕತ್ತರಿಸಿ, ಹೊಸದನ್ನು ಬೆಸುಗೆ ಹಾಕಿಸಿದ್ದರು. ಇನ್ನು ತುಕ್ಕು ಹಿಡಿಯದಂತೆ ಇದೇ ಕೆಂಪು ಬಣ್ಣ ಬಳಿಯುವುದಷ್ಟೇ ಬಾಕಿ; ಡಬ್ಬಿ ಗಾಡಿಯ ಪಕ್ಕದಲ್ಲೇ ತೆರೆದಿತ್ತು. ಕಳಚಿಟ್ಟ ಹಳೇ ತಗಡು ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು.

ಮುಂದಿನ ಗಾಜಿನ ಕೆಳಗಿನ ಸಂದಿಯಿಂದ ಕೆದಕಿ ತೆಗೆದ ಕಪ್ಪು ಕೆಸರನ್ನು ಚಿಕ್ಕಪ್ಪ ತಂದು ಅಮ್ಮನ ಕಾಲ ಬಳಿ ಸುರಿದರು. ಅದರ ತುಂಬ ಹೂವಿನ ಹಾರದ ದಾರಗಳಿದ್ದವು.

“ನೋಡಿ ಅತ್ತಿಗೆ, ಆಯುಧಪೂಜೆಗೆ ನೀವು ಹಾಕ್ತಿದ್ದ ಹೂವು. ಒಳಗೇ ಕೊಳೆತು, ನೀರು ಇಳಿಯೋ ತೂತು ಮುಚ್ಚಿ, ಗಾಡೀನೇ ತಿಂದ್ಹಾಕಿದೆ. ಅಣ್ಣಂಗೆ ಆಗ್ಲೇ ಹೇಳಿದ್ದೆ.”

“ಅವರು ನಿನ್ನ ಮಾತು ಯಾವತ್ತು ಕೇಳಿದ್ರು?” ಎಂದಳು ಅಮ್ಮ.

ಆಮೇಲೆ ಬಗ್ಗಿ, ಡಬ್ಬಿಯಲ್ಲಿ ಬೆರಳದ್ದಿ, ವರ್ಷವರ್ಷವೂ ಕುಂಕುಮ ಇಡುತ್ತಿದ್ದ ಜಾಗದಲ್ಲೇ, ಹೊಳೆಯುವ ಹೊಸ ತಗಡಿನ ಮೇಲೆ ಒಂದು ಬೊಟ್ಟಿಟ್ಟಳು.

ಚಿಕ್ಕಪ್ಪ ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆ ತೆಗೆದುಕೊಂಡು ಅದನ್ನು ಉಜ್ಜಿ ಅಳಿಸಿದರು. “ಇನ್ಮೇಲೆ ನೀವು ಇಡಬಾರ್ದು ಅತ್ತಿಗೆ. ನನ್ನ ಹೆಂಡ್ತಿ ಇಡ್ತಾಳೆ.”

ತಗಡು ಮತ್ತೆ ಹೊಳೆಯುವ ತನಕ ಅಮ್ಮ ಕಾದಳು. ನಂತರ ಐದೂ ಬೆರಳನ್ನು ಡಬ್ಬಿಯಲ್ಲಿ ಅದ್ದಿ, ನಿಧಾನವಾಗಿ, ಚಿಕ್ಕಪ್ಪನ ಬಿಳಿ ಶರ್ಟಿನ ಎದೆಗೆ ಒರೆಸಿದಳು.

“ಇದನ್ನೂ ಅವಳೇ ಒಗೀಲಿ,” ಎಂದಳು.