ಬಿಟ್ಟು ಓದಿದ ಸಾಲು

ನೂರ ಹನ್ನೆರಡನೆಯ ಪುಟದಲ್ಲಿ ಪದ್ಮಶ್ರೀಗೆ ಖಾತ್ರಿಯಾಯಿತು. ಇದು ತನ್ನದೇ ಮನೆಯ ಕಥೆ.

ದೇವನಹಳ್ಳಿಯ ಶಾಲೆಯಲ್ಲಿ ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವಳು. ಒಳ್ಳೆಯ ವಾಕ್ಯ ಕಂಡರೆ ಪೆನ್ಸಿಲು ತಾನಾಗಿ ಗೆರೆ ಎಳೆಯುತ್ತಿತ್ತು. ಈ ಕಾದಂಬರಿಯಲ್ಲಿ ಗೆರೆ ಬೀಳದ ಪುಟವೇ ಇಲ್ಲ. ಪುಸ್ತಕದ ಕನ್ನಡವಲ್ಲ, ನಾಲಗೆಯ ಮೇಲೆ ಪಳಗಿದ ಕನ್ನಡ. ಓದುತ್ತ ಓದುತ್ತ ಕಣ್ಣು ತುಂಬಿ ಬಂದಿತ್ತು.

ಆದರೆ ಅದು ಹೇಳುವ ಮಾತು? ಹಾಸಿಗೆ ಹಿಡಿದ ಅತ್ತೆಯನ್ನು ಸೊಸೆ ಒಂಬತ್ತು ವರ್ಷ ನೋಡಿಕೊಳ್ಳುತ್ತಾಳೆ. ಊರೆಲ್ಲ ಹೊಗಳುತ್ತದೆ. ಕಾದಂಬರಿ ಮಾತ್ರ, 'ಅವಳಿಗೆ ಪುಣ್ಯ ಬೇಕಿತ್ತು, ಮುದುಕಿ ಬೇಕಿರಲಿಲ್ಲ' ಎನ್ನುತ್ತದೆ.

ಪದ್ಮಶ್ರೀಯೂ ಅತ್ತೆ ಸೊಣ್ಣಮ್ಮನವರನ್ನು ನೋಡಿಕೊಳ್ಳುತ್ತಿದ್ದುದು ಒಂಬತ್ತು ವರ್ಷದಿಂದ. ಅವರಿಗೆ ಕಾಲು ಸ್ವಾಧೀನವಿಲ್ಲ, ಕಣ್ಣು ಕಾಣದು, ಅಕ್ಷರವಂತೂ ಮೊದಲೇ ಬಾರದು. ಕಾದಂಬರಿಯ ಸೊಸೆ, ಬಾಚಲು ಪುರುಸೊತ್ತಿಲ್ಲವೆಂದು ಅತ್ತೆಯ ಮಾರುದ್ದ ಜಡೆಗೆ ಕತ್ತರಿ ಹಾಕುತ್ತಾಳೆ. ಈ ಮನೆಯಲ್ಲಿ ಹಾಗಾದಾಗ ಕಂಡವಳು ಒಬ್ಬಳೇ, ಹಗಲಲ್ಲಿ ಅತ್ತೆಯ ಜೊತೆ ಕೂರುವ ಪಕ್ಕದ ಮನೆಯ ಅಕ್ಷತ. ಬಿ.ಎ. ಓದಿದವಳು. ರಕ್ಷಾಪುಟದ ಮೇಲಿದ್ದದ್ದು ಗುಪ್ತನಾಮ.

ಬೆಳಿಗ್ಗೆ ಪದ್ಮಶ್ರೀ ಪುಸ್ತಕವನ್ನು ಅಕ್ಷತಳ ಮುಂದಿಟ್ಟಳು.

"ನೀನೇ ತಾನೆ ಬರೆದಿದ್ದು?"

ಅಕ್ಷತ ತಲೆ ತಗ್ಗಿಸಿದಳು. "ಬರೆದಿದ್ದು ನಾನೇ, ಮೇಡಂ."

"ಮನೆಮಗಳ ಥರ ಒಳಗೆ ಬಿಟ್ಕೊಂಡಿದ್ದೆ. ನಾಳೆಯಿಂದ ಬರಬೇಡ."

"ಅಜ್ಜೀನ ಒಂದ್ಮಾತು ಕೇಳಿ."

"ಅವರನ್ನ ಯಾಕೆ ಮಧ್ಯೆ ಎಳೀತೀಯ?"

ಅಕ್ಷತ ಒಳಕೋಣೆಯ ಕಡೆ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿ ಹೋದಳು.

ಸಂಜೆ ಸೊಣ್ಣಮ್ಮ ಕೇಳಿದರು. "ವಾರದಿಂದ ಏನೋ ಓದ್ಕೊಂಡು ಮೂಗು ಸೀಟ್ತಿದ್ದೀಯ. ನಂಗೂ ಓದಮ್ಮ."

ಅತ್ತೆಯಾದರೂ ತನ್ನ ಪರ ನಿಲ್ಲಲಿ ಎಂದು ಪದ್ಮಶ್ರೀ ಓದತೊಡಗಿದಳು. ಸೊಣ್ಣಮ್ಮ ಕಣ್ಣು ಮುಚ್ಚಿ ಕೇಳಿದರು. ತುಟಿ ಸಣ್ಣಗೆ ಅಲುಗುತ್ತಿತ್ತು. ಸೊಸೆಯನ್ನು ಬಯ್ಯುವ ಕಡೆಯೂ ಅವರು ಸಿಟ್ಟಾಗಲಿಲ್ಲ. ಜಡೆಯ ಪುಟ ಬಂತು.

"'ಕತ್ತರಿ ಆಡಿತು. ಜಡೆ ನೆಲಕ್ಕೆ ಬಿತ್ತು.'"

ಮುಂದಿನ ಸಾಲನ್ನು ಪದ್ಮಶ್ರೀ ಕಣ್ಣಲ್ಲೇ ಓದಿದಳು. ಬಾಯಿಬಿಟ್ಟು ಓದದೆ ಪುಟ ತಿರುವಿದಳು.

"ಅಲ್ಲೊಂದು ಸಾಲು ಬಿಟ್ಟೆ" ಎಂದರು ಸೊಣ್ಣಮ್ಮ, ಕಣ್ಣು ತೆರೆಯದೆ. "'ಕತ್ತರಿಸಲಾ ಅಂತ ಮುದುಕೀನ ಯಾರೂ ಕೇಳಲಿಲ್ಲ.' ಸರಿಯಾಗಿ ಬರೋವರೆಗೂ ಆ ಹುಡುಗಿ ಕೈಲಿ ನಾಲ್ಕು ಸಲ ಬರೆಸಿದ್ದೀನಿ ಕಣಮ್ಮ ಅದನ್ನ."