ತಂಗಿಕೋಳಿ

"ನಾನೂ ಚಾಪೆ ಮೇಲೇ ಕೂರ್ತೀನಿ. ಸತ್ತಿರೋದು ನನ್ನಕ್ಕ," ಎಂದು ಕಸೊಂಡೆ ತನಗಾಗಿ ತಂದಿಟ್ಟ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದಳು. ರಾಷ್ಟ್ರಾಧ್ಯಕ್ಷನಾಗಿದ್ದ ಗಂಡ ಅಧಿಕಾರ ಕಳೆದುಕೊಂಡ ಮೇಲೆ ಅವಳು ಹುಟ್ಟೂರಿಗೆ ಬಂದದ್ದು ಇದೇ ಮೊದಲು. ಅಳುತ್ತಿದ್ದ ಹೆಂಗಸರು ಒತ್ತರಿಸಿಕೊಂಡು ಜಾಗ ಬಿಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ, "ಪುಣ್ಯಾತಗಿತ್ತಿ, ಆ ತಂಗಿಕೋಳಿ ಹಿಂದೆ ಹೆಂಗೆ ಓಡ್ತಿದ್ಲು!" ಎಂದಳು. ಅಳುವಿನ ನಡುವೆಯೇ ಎಲ್ಲರೂ ನಕ್ಕರು. ಕಸೊಂಡೆಯೂ ನಕ್ಕು, "ಅದ್ಯಾವ ಕೋಳಿ?" ಎಂದಳು. ನಗು ಅಲ್ಲಿಗೇ ನಿಂತಿತು.

ಅಕ್ಕನ ಮಗಳು ಮುಟಾಲೆ ತಲೆ ತಗ್ಗಿಸಿದಳು. "ನೀವು ಬರ್ತೀನಿ ಅಂತ ಹೇಳಿ ಕಳಿಸಿದಾಗಲೆಲ್ಲ ಅಮ್ಮ ನಿಮ್ಮ ನ್ಶಿಮಾ ಮುದ್ದೆಗೆ ಸಾರು ಮಾಡೋಕೆ ಅದನ್ನ ಹಿಡಿದು ಕಟ್ಟೋಳು, ಚಿಕ್ಕಮ್ಮ. ಸಂಜೆವರೆಗೂ ನಿಮ್ಮ ದಾರಿ ಕಾದು ಬಿಚ್ಚಿ ಬಿಡೋಳು. ನಮಗ್ಯಾರಿಗೂ ಮುಟ್ಟೋಕೆ ಬಿಡಲಿಲ್ಲ."

"ಈಗೆಲ್ಲಿದೆ?"

"ಮುದಿಯಾಗಿ ಸತ್ತೋಯ್ತು."

ಬಂದಾಗಿನಿಂದ ಬಾರದಿದ್ದ ಅಳು ಕಸೊಂಡೆಗೆ ಆಗ ಬಂತು.